ಉಪ್ಪುಗಾಳಿಯ ಊರಿನಲ್ಲಿ ಅಮೇರಿಕೆಯ ಹಳೆಯ ಮೋಟಾರು

ಕೆಲಸ ಮುಗಿದರೂ ಮನೆಯನ್ನು ಬಿಟ್ಟುಹೋಗದ ವಸ್ತುಗಳು ಪ್ರತಿಯೊಂದು ಹಳೆಯ ಮನೆತನದಲ್ಲಿಯೂ ಕೆಲವು ಇರುತ್ತವೆ. ಅಜ್ಜಿಯ ಕಾಲದ ತಾಮ್ರದ ಹಂಡೆ, ನಿಂತುಹೋದ ಗೋಡೆಯ ಗಡಿಯಾರ, ಸರಪಳಿ ಕಳಚಿದ ತೂಗುಮಂಚ—ಇವನ್ನು ಮಾರಲು ಮನಸ್ಸಿಲ್ಲ, ಸರಿಪಡಿಸಲು ಪುರಸತ್ತಿಲ್ಲ. ಇವುಗಳಲ್ಲಿ ಗಾತ್ರದಿಂದಲೂ ಸಂಕಟದಿಂದಲೂ ದೊಡ್ಡದಾದುದು ಹಿತ್ತಿಲ ಕೊಟ್ಟಿಗೆಯಲ್ಲಿ ನಿಂತ ಹಳೆಯ ಮೋಟಾರು ಗಾಡಿ. ಅದರಲ್ಲಿಯೂ ಅದು ಅಮೇರಿಕೆಯ, ನಾಲ್ಕು ಬಾಗಿಲಿನ, ಉಬ್ಬಿದ ಮಡ್‌ಗಾರ್ಡುಗಳ ಸೆಡಾನ್ ಆಗಿದ್ದರಂತೂ ಕಂಡವರಿಗೆಲ್ಲ ಒಂದೊಂದು ಸಲಹೆ ಹೊಳೆಯುತ್ತದೆ. ಗುಜರಿಯವನು ತೂಕದ ಲೆಕ್ಕವನ್ನು ಹೇಳುತ್ತಾನೆ. ಪಟ್ಟಣದಿಂದ ಬಂದ ನೆಂಟನು ಲಕ್ಷಗಳ ಲೆಕ್ಕವನ್ನು ಹೇಳುತ್ತಾನೆ. ಮನೆಯಾಕೆಯು ಆ ಜಾಗದಲ್ಲಿ ಒಂದು ಮಳೆಗಾಲಕ್ಕಾಗುವಷ್ಟು ಕಟ್ಟಿಗೆಯನ್ನು ಒಟ್ಟಬಹುದಿತ್ತೆಂದು ಹೇಳುತ್ತಾಳೆ. ಮೂವರ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವುಂಟು. ಆದರೆ ಕಾರವಾರ, ಅಂಕೋಲೆಗಳಂತಹ ಕಡಲಂಚಿನ ಊರುಗಳಲ್ಲಿ ನಾಲ್ಕನೆಯವನೊಬ್ಬನಿದ್ದಾನೆ. ಅವನು ಯಾರ ಅಭಿಪ್ರಾಯವನ್ನೂ ಕೇಳದೆ ದಿನದಿನವೂ ತನ್ನ ಪಾಲನ್ನು ಒಯ್ಯುತ್ತಿರುತ್ತಾನೆ. ಅವನ ಹೆಸರು ಉಪ್ಪು. ಹಳೆಯ ಮೋಟಾರನ್ನು ಉಳಿಸಬೇಕೆನ್ನುವ ಗೃಹಸ್ಥನು ಮೊದಲು ಲೆಕ್ಕ ತೀರಿಸಿಕೊಳ್ಳಬೇಕಾದುದು ಇವನೊಡನೆ. ಬಣ್ಣದ ಅಂಗಡಿಯವನೊಡನೆ ಅಲ್ಲ.

ಅವು ಇಲ್ಲಿಗೆ ಬಂದ ಬಗೆ

ಉತ್ತರ ಕನ್ನಡ ಜಿಲ್ಲೆಯು 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದಿತು. ಇಲ್ಲಿಯ ವ್ಯಾಪಾರಿಗೂ ವಕೀಲನಿಗೂ ಮುಂಬಯಿಯೇ ಪೇಟೆ, ಮುಂಬಯಿಯೇ ರಾಜಧಾನಿ. ಆ ಮುಂಬಯಿಯಲ್ಲಿ ಫೋರ್ಡ್ ಕಂಪನಿಯು 1926ರಲ್ಲಿಯೂ, ಜನರಲ್ ಮೋಟರ್ಸ್ ಕಂಪನಿಯು 1928ರಲ್ಲಿ ಶಿವಡಿಯೆಂಬಲ್ಲಿಯೂ ನೆಲೆಯೂರಿದುವು. ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಭಾಗಗಳನ್ನು ಅಲ್ಲಿ ಜೋಡಿಸಿ ಗಾಡಿಗಳನ್ನು ಪೇಟೆಗೆ ಬಿಡುತ್ತಿದ್ದರು. ಈ ಪೆಟ್ಟಿಗೆಗಳಲ್ಲಿ ಬಹಳಷ್ಟು ಬರುತ್ತಿದ್ದುದು ಅದೇ ಕಂಪನಿಗಳ ಕೆನಡಾದ ಕಾರ್ಖಾನೆಗಳಿಂದ. ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗೆ ಬೇಕಾದ ಬಲಗಡೆ ಸ್ಟೇರಿಂಗಿನ ಗಾಡಿಗಳು ಅಲ್ಲಿ ಸಿದ್ಧವಾಗುತ್ತಿದ್ದುವು. ಆದುದರಿಂದ ತನ್ನ ಮನೆಯ ಅಮೇರಿಕನ್ ಮೋಟಾರಿನ ಫಲಕದಲ್ಲಿ ಕೆನಡಾದ ಹೆಸರನ್ನು ಕಂಡು ಯಾರೂ ಬೆರಗಾಗಬೇಕಾಗಿಲ್ಲ.

ಈ ಗಾಡಿಗಳು ನಮ್ಮ ಕಡೆ ಮೆಚ್ಚಿಕೆ ಪಡೆದುದಕ್ಕೆ ಕಾರಣ ಸರಳವಾದುದು. ಇಂಗ್ಲಿಷರ ಸಣ್ಣ ಕಾರುಗಳಿಗಿಂತ ಇವುಗಳ ಒಡಲು ನೆಲದಿಂದ ಎತ್ತರ, ಇಂಜಿನು ದೊಡ್ಡದು, ಸ್ಪ್ರಿಂಗು ಗಟ್ಟಿ. ಅಂಕೋಲೆಯಿಂದ ಅರಬೈಲು ಘಟ್ಟವನ್ನೇರಿ ಯಲ್ಲಾಪುರದ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗಬೇಕಾದವನಿಗೆ ಇವು ದೊಡ್ಡ ಗುಣಗಳೇ. ಕರಾವಳಿಯ ದಾರಿಯಲ್ಲಾದರೋ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂದು ಹೊಳೆಗಳೇ ಅಡ್ಡ. ಸೇತುವೆಗಳಾಗುವ ಮೊದಲು ಮೋಟಾರು ಸಹ ದೋಣಿಯನ್ನೇರಿಯೇ ಹೊಳೆಯನ್ನು ದಾಟಬೇಕಿತ್ತು. ಉಪ್ಪುನೀರಿನ ಸ್ನಾನವು ಈ ಗಾಡಿಗಳಿಗೆ ಅಂದಿನಿಂದಲೇ ಅಭ್ಯಾಸವಾದುದೆನ್ನಬಹುದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದು, ಎಷ್ಟೋ ಗಾಡಿಗಳು ಬೆನ್ನಿಗೆ ಇದ್ದಲಿನ ಒಲೆಯನ್ನು ಕಟ್ಟಿಕೊಂಡು ಅದರ ಅನಿಲದಿಂದ ಓಡಿದುವು. ಯುದ್ಧದ ತರುವಾಯ ಪ್ರೀಮಿಯರ್ ಕಂಪನಿಯು ಡಾಜ್, ಪ್ಲಿಮತ್ ಗಾಡಿಗಳನ್ನೂ, ಹಿಂದೂಸ್ಥಾನ್ ಮೋಟರ್ಸ್ ಕಂಪನಿಯು ಸ್ಟುಡಿಬೇಕರ್ ಗಾಡಿಗಳನ್ನೂ ಇಲ್ಲಿ ಜೋಡಿಸಿದುವು. ಆದರೆ ಈ ವೈಭವವು ಬಹುಕಾಲ ನಿಲ್ಲಲಿಲ್ಲ. ದೇಶದಲ್ಲಿಯೇ ಗಾಡಿಯನ್ನು ತಯಾರಿಸುವ ಯೋಜನೆಯಿಲ್ಲದ ಕಂಪನಿಗಳಿಗೆ ಅವಕಾಶವಿಲ್ಲವೆಂದು 1953ರಲ್ಲಿ ಸರಕಾರವು ನಿಶ್ಚಯಿಸಲು, ಫೋರ್ಡ್ ಮತ್ತು ಜನರಲ್ ಮೋಟರ್ಸ್ ಎರಡೂ ತಮ್ಮ ಜೋಡಣೆಯ ಕೆಲಸವನ್ನು ಮುಚ್ಚಿದುವು. ಬಿಡಿಭಾಗಗಳ ಬಾಗಿಲೂ ಕ್ರಮೇಣ ಮುಚ್ಚಿತು. ಅಲ್ಲಿಂದ ಮುಂದೆ ಈ ಗಾಡಿಗಳನ್ನು ಬದುಕಿಸಿದವರು ಊರೂರಿನ ಮೇಸ್ತ್ರಿಗಳು. ಸಿಕ್ಕದ ಭಾಗವನ್ನು ಲೇತಿನಲ್ಲಿ ಕಡೆದು, ಸಿಕ್ಕುವ ಭಾಗವನ್ನು ತಿದ್ದಿ, ಪೆಟ್ರೋಲು ತುಟ್ಟಿಯಾದಾಗ ಡೀಸೆಲ್ ಇಂಜಿನನ್ನೇ ಕೂಡಿಸಿ ಅವರು ಗಾಡಿಯನ್ನು ಓಡಿಸಿದರು. ಇಂದು ಕೊಟ್ಟಿಗೆಯಲ್ಲಿ ನಿಂತಿರುವುದು ಅಮೇರಿಕೆಯ ಕಾರ್ಖಾನೆಯ ಕೆಲಸ ಮಾತ್ರವಲ್ಲ, ನಮ್ಮ ಮೇಸ್ತ್ರಿಗಳ ಐವತ್ತು ವರ್ಷಗಳ ಜಾಣ್ಮೆಯೂ ಹೌದು.

ಉಪ್ಪಿನ ಭರಣಿಯ ಪಾಠ

ಅಂಕೋಲೆಯವರಿಗೆ ಉಪ್ಪಿನ ಮಹಿಮೆಯನ್ನು ಬೇರೆಯವರು ಹೇಳಬೇಕಾಗಿಲ್ಲ. 1930ರ ಏಪ್ರಿಲಿನಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದು ನಾಡಿನಲ್ಲೆಲ್ಲ ಹೆಸರಾದ ಊರು ಅದು. ಆದರೆ ಅದೇ ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತದೆಂಬುದನ್ನು ತಿಳಿಯಲು ಅಡಿಗೆಮನೆಯ ಭರಣಿಯನ್ನು ನೋಡಿದರೆ ಸಾಕು. ಆಷಾಢದಲ್ಲಿ ಯಾರೂ ನೀರು ಹೊಯ್ಯದಿದ್ದರೂ ಭರಣಿಯಲ್ಲಿಯ ಉಪ್ಪು ಒದ್ದೆಯಾಗುತ್ತದೆ. ಗಾಳಿಯಲ್ಲಿಯ ತೇವವು ನೂರಕ್ಕೆ ಸುಮಾರು 75ರ ಮಟ್ಟವನ್ನು ಮೀರಿದರೆ ಅಡಿಗೆಯ ಉಪ್ಪು ತಾನಾಗಿಯೇ ನೀರನ್ನು ಎಳೆದುಕೊಳ್ಳುತ್ತದೆ. ಕಡಲ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಮ್ ಲವಣವು ಅದಕ್ಕಿಂತ ಬಹು ಕಡಿಮೆ ತೇವದಲ್ಲಿಯೇ ಒದ್ದೆಯಾಗುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರು ಮಳೆ ಬೀಳುವ ಕಾರವಾರದಂತಹ ಊರಿನಲ್ಲಿ ಗಾಳಿಯು ಒಣಗಿರುವ ದಿನಗಳೇ ಕಡಿಮೆ.

ಕಡಲಗಾಳಿಯು ತಂದ ಈ ಉಪ್ಪಿನ ಧೂಳು ಮೋಟಾರಿನ ತಗಡಿನ ಮೇಲೆ, ಬಾಗಿಲಿನ ಒಳಗೆ, ಕಣ್ಣಿಗೆ ಕಾಣದ ಸಂದುಗಳಲ್ಲಿ ಕುಳಿತಿರುತ್ತದೆ. ಮಳೆಯ ಹನಿ ತಾಗದಿದ್ದರೂ ಅದು ಒದ್ದೆಯಾಗಿಯೇ ಇರುತ್ತದೆ. ಉಪ್ಪು ಕರಗಿದ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ಕಬ್ಬಿಣದ ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ನಡುವೆ ಅತ್ಯಲ್ಪ ವಿದ್ಯುತ್ಪ್ರವಾಹವು ನಡೆಯುತ್ತ ತುಕ್ಕು ಬೆಳೆಯುತ್ತದೆ. ತುಕ್ಕು ಹಿಡಿದ ಜಾಗವು ಸ್ಪಂಜಿನಂತೆ ಮತ್ತಷ್ಟು ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ. ಆದುದರಿಂದಲೇ ತುಕ್ಕಿನ ಮೇಲೆ ಬಣ್ಣ ಬಳಿದ ಗಾಡಿಯು ಒಂದೇ ಮಳೆಗಾಲದಲ್ಲಿ ಬೊಕ್ಕೆಯೆದ್ದು ನಿಲ್ಲುತ್ತದೆ. ಕಾರವಾರದ ರವೀಂದ್ರನಾಥ ಠಾಕೂರ್ ಕಡಲತೀರದಲ್ಲಿ ನಿವೃತ್ತವಾದ ‘ಚಾಪಲ್’ ಎಂಬ ಯುದ್ಧನೌಕೆಯನ್ನು 2006ರಿಂದ ಸಂಗ್ರಹಾಲಯವನ್ನಾಗಿ ಇರಿಸಿದೆ. ಕಡಲಿಗಾಗಿಯೇ ಕಟ್ಟಿದ ನೌಕೆಗೂ ತೀರದಲ್ಲಿ ನಿಂತ ಮೇಲೆ ಆರೈಕೆ ತಪ್ಪುವಂತಿಲ್ಲವೆಂದರೆ, ಒಣ ರಸ್ತೆಗಳಿಗಾಗಿ ಮಾಡಿದ ತೆಳುತಗಡಿನ ಮೋಟಾರಿನ ಗತಿಯನ್ನು ಹೇಳುವುದೇನು?

ಮೊದಲು ಉಳಿಸುವುದು, ಆಮೇಲೆ ಹೊಳೆಯಿಸುವುದು

ಇಂತಹ ಗಾಡಿಯೊಂದು ವಾಚಕರಲ್ಲಿ ಒಬ್ಬರ ಮನೆಯಲ್ಲಿದೆಯೆಂದು ಭಾವಿಸೋಣ. 1946ರಿಂದ 1948ರವರೆಗೆ ಬಂದ ಶೆವರ್ಲೆ ಫ್ಲೀಟ್‌ಮಾಸ್ಟರ್ ಸೆಡಾನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಆರು ಸಿಲಿಂಡರು, ಮೂರೂವರೆ ಲೀಟರಿನ ಇಂಜಿನು, 90 ಅಶ್ವಶಕ್ತಿ, 6 ವೋಲ್ಟಿನ ಬ್ಯಾಟರಿ, ಸುಮಾರು ಒಂದೂವರೆ ಟನ್ನು ತೂಕ—ಇದು ಅದರ ಜಾತಕ. ಇಪ್ಪತ್ತು ವರ್ಷ ಅದು ಕದಲಿಲ್ಲವೆಂದಿಟ್ಟುಕೊಳ್ಳೋಣ.

ಇಂತಹ ಗಾಡಿಯ ಯಜಮಾನನಿಗೆ ಒಂದು ದಿನ ಹಠಾತ್ತಾಗಿ ಉತ್ಸಾಹ ಬರುತ್ತದೆ. ಆಗ ಅವನು ಮಾಡುವುದು ಎರಡರಲ್ಲೊಂದು: ಹೊಸ ಬ್ಯಾಟರಿಯನ್ನು ತಂದು ಅಂದೇ ಇಂಜಿನನ್ನು ಶುರುಮಾಡಲು ಹವಣಿಸುವುದು, ಅಥವಾ ಗಾಡಿಯನ್ನು ಪೂರ್ತಿಯಾಗಿ ಬಿಚ್ಚಿ ಬುಟ್ಟಿಗಳಲ್ಲಿ ತುಂಬುವುದು. ಎರಡೂ ಗಾಡಿಗೆ ಮೃತ್ಯುವೇ. ಬಿಚ್ಚಿದ ಗಾಡಿಯು ಕೂಡದೆ ಉಳಿದರೆ ತುಕ್ಕುಹಿಡಿದ ಇಡಿಯ ಗಾಡಿಗಿಂತಲೂ ಅದರ ಬೆಲೆ ಕಡಿಮೆ. ಯಾವ ತಿರುಪು ಎಲ್ಲಿಯದೆಂಬುದು ಎರಡು ವರ್ಷಗಳ ನಂತರ ಬಿಚ್ಚಿದವನಿಗೂ ನೆನಪಿರುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯು ಮೋಟಾರಿನ ವಿಷಯದಲ್ಲಿಯೂ ನಿಜ.

ಮೊದಲ ವರ್ಷದ ಕೆಲಸವು ನಾಶವನ್ನು ನಿಲ್ಲಿಸುವುದಷ್ಟೇ. ದಸರೆ ಕಳೆದು ಗಾಳಿ ಒಣಗಿದ ಮೇಲೆ ಗಾಡಿಯನ್ನು ಹೊರಗೆ ತಂದು, ಬಾವಿಯ ಸಿಹಿನೀರಿನಿಂದ ಒಳಗೂ ಹೊರಗೂ ಅಡಿಯಲ್ಲಿಯೂ ತೊಳೆಯಬೇಕು. ಒಂದು ಸಲವಲ್ಲ, ನಾಲ್ಕಾರು ಸಲ. ಏಕೆಂದರೆ ಸಂದಿನಲ್ಲಿ ಕುಳಿತ ಉಪ್ಪು ಒಮ್ಮೆಗೇ ಬಿಡುವುದಿಲ್ಲ. ಪ್ರತಿಯೊಂದು ಬಾಗಿಲಿನ ಕೆಳಅಂಚಿನಲ್ಲಿ ನೀರು ಬಸಿಯಲು ಸಣ್ಣ ತೂತುಗಳಿರುತ್ತವೆ. ಅವು ಕೆಂಪುಧೂಳಿನಿಂದ ಮುಚ್ಚಿಹೋಗಿ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಒಂದು ತಂತಿಯಿಂದ ಅವನ್ನು ಬಿಡಿಸುವುದು ಮಕ್ಕಳೂ ಮಾಡಬಹುದಾದ ಕೆಲಸ, ಆದರೆ ಎಷ್ಟೋ ಸಾವಿರ ರೂಪಾಯಿಯ ತಗಡಿನ ಕೆಲಸವನ್ನು ಉಳಿಸುತ್ತದೆ. ಆಸನಗಳ ಒಳಗಿನ ಇಲಿಯ ಗೂಡುಗಳನ್ನು ತೆಗೆಯಬೇಕು. ಇಲಿಯ ಮೂತ್ರವೂ ಕಬ್ಬಿಣಕ್ಕೆ ಶತ್ರುವೇ, ಮೇಲಾಗಿ ಅವು ನೂಲು ಸುತ್ತಿದ ಹಳೆಯ ವಿದ್ಯುತ್ತಂತಿಗಳನ್ನು ಕಡಿದಿಟ್ಟಿರುತ್ತವೆ.

ತೊಳೆದು ಚೆನ್ನಾಗಿ ಒಣಗಿಸಿದ ಗಾಡಿಯನ್ನು ಮಣ್ಣುನೆಲದ ಮೇಲೆ ನಿಲ್ಲಿಸದೆ, ಚಿರೆಕಲ್ಲಿನ ಇಲ್ಲವೆ ಸಿಮೆಂಟಿನ ನೆಲದ ಮೇಲೆ ಮರದ ದಿಮ್ಮಿಗಳನ್ನಿಟ್ಟು ಚಕ್ರದ ಭಾರ ತಪ್ಪುವಂತೆ ಏರಿಸಬೇಕು. ಮೇಲೆ ಗಟ್ಟಿಯಾದ ಮಾಡು ಇರಲಿ, ಸುತ್ತಲೂ ಗಾಳಿ ಆಡಲಿ. ಪ್ಲಾಸ್ಟಿಕ್ ತಾಡಪತ್ರಿಯಲ್ಲಿ ಬಿಗಿಯಾಗಿ ಸುತ್ತುವವರು ಗಾಡಿಗೆ ಉಪಕಾರ ಮಾಡಿದೆವೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ತೇವವನ್ನು ಒಳಗೆ ಕೂಡಿಹಾಕಿರುತ್ತಾರೆ. ತೆಂಗಿನ ಮರದ ಕೆಳಗಂತೂ ನಿಲ್ಲಿಸಲೇಬಾರದೆಂಬುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಗಾಡಿಯ ಅಡಿಗೂ ಸಂದುಗಳಿಗೂ ಮೀನೆಣ್ಣೆಯನ್ನು ಬಳಿಯುವುದು ಅಗ್ಗದ ಉಪಾಯ. ಮರದ ದೋಣಿಗಳಿಗೆ ಅದನ್ನು ಬಳಿಯುವ ವಾಡಿಕೆ ನಮ್ಮ ಮೀನುಗಾರರಲ್ಲಿ ಹಳೆಯದು. ಅದು ಸಣ್ಣ ಸಂದುಗಳಿಗೂ ಹರಿದುಹೋಗಿ ಗಾಳಿಯನ್ನೂ ನೀರನ್ನೂ ತಡೆಯುತ್ತದೆ. ವಾಸನೆಯು ಕೆಲವು ದಿನ ಮನೆಮಂದಿಯ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಮುಂದೆ ಬಣ್ಣ ಬಳಿಯುವ ಜಾಗಗಳಿಂದ ಮಾತ್ರ ಇದನ್ನು ಪೂರ್ಣವಾಗಿ ತೊಳೆಯಬೇಕಾಗುವುದೆಂಬುದನ್ನು ಮರೆಯಬಾರದು. ಇಷ್ಟು ಮಾಡಿದ ಗಾಡಿಯು ಸುಂದರವಾಗಿ ಕಾಣಲಿಕ್ಕಿಲ್ಲ. ಆದರೆ ಇನ್ನು ಹತ್ತು ವರ್ಷ ಕಾಯಬಲ್ಲದು. ಹಣವಿಲ್ಲದ ಗೃಹಸ್ಥನು ಇಲ್ಲಿಗೇ ನಿಂತರೂ ಗಾಡಿಯನ್ನು ಉಳಿಸಿದವನೇ ಆಗುತ್ತಾನೆ.

ಇಂಜಿನಿನ ನಿದ್ರೆ

ಮುಂದಿನ ಹೆಜ್ಜೆಯಿಡುವವನು ಇಂಜಿನನ್ನು ಬಲಾತ್ಕಾರದಿಂದ ಎಬ್ಬಿಸಬಾರದು. ಬಹುಕಾಲ ನಿಂತ ಇಂಜಿನಿನಲ್ಲಿ ಪಿಸ್ಟನ್ನುಗಳು ಸಿಲಿಂಡರಿಗೆ ಅಂಟಿರುತ್ತವೆ. ಆರು ಸ್ಪಾರ್ಕ್ ಪ್ಲಗ್ಗುಗಳನ್ನೂ ತೆಗೆದು, ಪ್ರತಿಯೊಂದು ರಂಧ್ರದಲ್ಲಿಯೂ ಸೀಮೆಎಣ್ಣೆ ಬೆರೆಸಿದ ತೆಳ್ಳಗಿನ ಎಣ್ಣೆಯನ್ನು ಹೊಯ್ದು ವಾರಗಟ್ಟಲೆ ಬಿಡಬೇಕು. ಆಮೇಲೆ ಕೈಹಿಡಿಯಿಂದ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಆಡಿಸಿ ನೋಡಬೇಕು. ಕದಲದಿದ್ದರೆ ಮತ್ತೆ ಎಣ್ಣೆ, ಮತ್ತೆ ಕಾಯುವುದು. ಗಾಡಿಯನ್ನು ಲಾರಿಗೆ ಕಟ್ಟಿ ಎಳೆದು ಶುರುಮಾಡುವ ಸಾಹಸದಿಂದ ಪಿಸ್ಟನ್ನು ಒಡೆಯುತ್ತದೆ. ಈ ಶೆವರ್ಲೆಯ ವಾಲ್ವುಗಳು ಇಂಜಿನಿನ ತಲೆಯ ಮೇಲಿರುವುದರಿಂದ ಮುಚ್ಚಳವನ್ನು ತೆಗೆದು ಹನ್ನೆರಡೂ ಸಲೀಸಾಗಿ ಆಡುವುವೇ ಎಂದು ನೋಡಬೇಕು. ಒಂದು ಅಂಟಿದ್ದರೂ ಅದನ್ನು ನೂಕುವ ಕಡ್ಡಿ ಬಾಗುತ್ತದೆ.

ಇನ್ನೊಂದು ವಿಶೇಷವುಂಟು. ಈ ಇಂಜಿನಿನ ಮುಖ್ಯ ಬೇರಿಂಗುಗಳಿಗೆ ಎಣ್ಣೆಯು ಒತ್ತಡದಿಂದ ಹೋಗುತ್ತದೆ. ಆದರೆ ಪಿಸ್ಟನ್ನಿನ ದಂಡಗಳಿಗೆ ಅವುಗಳ ತುದಿಯಲ್ಲಿರುವ ಸಣ್ಣ ಸೌಟುಗಳು ಕೆಳಗಿನ ತೊಟ್ಟಿಯಿಂದ ಎಣ್ಣೆಯನ್ನು ಮೊಗೆದು ಒದಗಿಸಬೇಕು. ತೊಟ್ಟಿಯಲ್ಲಿ ಹಳೆಯ ಎಣ್ಣೆಯು ಕೆಸರಾಗಿ ಗಟ್ಟಿಯಾಗಿದ್ದರೆ ಸೌಟಿಗೆ ಸಿಕ್ಕುವುದೇನು? ಆದುದರಿಂದ ಅಡಿಯ ಪಾತ್ರೆಯನ್ನು ಬಿಚ್ಚಿ ತೊಳೆಯದೆ ಇಂಜಿನನ್ನು ಓಡಿಸಕೂಡದು. ದಂಡದ ಬೇರಿಂಗುಗಳು ಬಿಳಿಯ ಮೆದುಲೋಹವನ್ನು ಕರಗಿಸಿ ಹೊಯ್ದು ಮಾಡಿದವು. ಅವು ಸವೆದಿದ್ದರೆ ಮತ್ತೆ ಹೊಯ್ದು ಕೆತ್ತಬಲ್ಲ ಕೈಗಳು ಈಗ ವಿರಳ. ಅಂತಹ ವೃದ್ಧ ಮೇಸ್ತ್ರಿಯೊಬ್ಬನು ಸಿಕ್ಕಿದರೆ ಅವನ ಪಕ್ಕದಲ್ಲಿ ಒಬ್ಬ ಹುಡುಗನನ್ನೂ ನಿಲ್ಲಿಸಬೇಕು. ಗಾಡಿಯೊಂದು ಹೋದರೆ ಇನ್ನೊಂದನ್ನು ಎಲ್ಲಿಯಾದರೂ ಹುಡುಕಬಹುದು. ಆ ಕೈಗುಣವು ಹೋದರೆ ಹುಡುಕುವುದೆಲ್ಲಿ?

ಎಚ್ಚರಿಕೆಯ ಮಾತುಗಳನ್ನೂ ಇಲ್ಲಿಯೇ ಹೇಳತಕ್ಕದ್ದು. ಪೆಟ್ರೋಲಿನ ಹಳೆಯ ಟಾಕಿಯು ಬರಿದಾಗಿ ಕಂಡರೂ ಅದರಲ್ಲಿ ಆವಿ ಉಳಿದಿರುತ್ತದೆ. ಅದಕ್ಕೆ ಬೆಸುಗೆ ಹಾಕಲು ಹೋಗಿ ಪ್ರಾಣ ಕಳೆದುಕೊಂಡವರುಂಟು. ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಇರುವುದರಿಂದ ಅದರ ಧೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರಸಬೇಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದುದರಿಂದ ಅದನ್ನು ನೀರು ಹಾಕಿಯೇ ಉಜ್ಜಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು. ಇಂಜಿನು ಓಡುವ ಮೊದಲು ಬ್ರೇಕು ಹಿಡಿಯಬೇಕು. ನಿಲ್ಲಲಾರದ ಗಾಡಿಯು ಓಡಿ ಪ್ರಯೋಜನವೇನು?

ತಗಡು, ಮರ, ಟೈರು

ತಗಡಿನ ನಿಜಸ್ಥಿತಿಯನ್ನು ಅರಿಯಲು ಒಂದು ಅಯಸ್ಕಾಂತ ಸಾಕು. ಅದು ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಕಬ್ಬಿಣವಿಲ್ಲ, ಹಿಂದಿನವರು ಮೆತ್ತಿದ ಪುಟ್ಟಿಯಿದೆ. ಸತ್ತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕಲ್ಲದೆ ಪುಟ್ಟಿಯ ಮೇಲೆ ಪುಟ್ಟಿ ಮೆತ್ತಬಾರದು. ಬಿಚ್ಚಿದ ಸಣ್ಣ ಕಬ್ಬಿಣದ ಭಾಗಗಳ ತುಕ್ಕನ್ನು ಬಿಡಿಸಲು ಮನೆಯಲ್ಲಿಯೇ ಒಂದು ಉಪಾಯವುಂಟು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಬಟ್ಟೆಯ ಸೋಡಾ ಕರಗಿಸಿದ ನೀರನ್ನು ತುಂಬಿ, ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ತುಕ್ಕುಹಿಡಿದ ಭಾಗಕ್ಕೂ, ಧನ ತಂತಿಯನ್ನು ಬೇಡವಾದ ಒಂದು ಕಬ್ಬಿಣದ ತುಂಡಿಗೂ ಕಟ್ಟಿ, ಎರಡೂ ತಾಗದಂತೆ ಮುಳುಗಿಸಿಡುವುದು. ಮರುದಿನಕ್ಕೆ ತುಕ್ಕು ಸಡಿಲಾಗಿ ಬ್ರಶ್ಶಿಗೆ ಬರುತ್ತದೆ. ಆ ತುಂಡು ಸ್ಟೇನ್‌ಲೆಸ್ ಸ್ಟೀಲಿನದಾಗಿರಕೂಡದು, ವಿಷದ್ರವ್ಯವು ಹುಟ್ಟುತ್ತದೆ. ಹೊರಡುವ ಜಲಜನಕವು ಬೆಂಕಿಗೆ ಸಿಡಿಯುವುದರಿಂದ ಈ ಕೆಲಸವನ್ನು ಬಯಲಿನಲ್ಲಿಯೇ ಮಾಡಬೇಕು. ಶುದ್ಧವಾದ ಕಬ್ಬಿಣವನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಅದೇ ದಿನ ಪ್ರೈಮರು ಬಳಿಯಬೇಕು. ನಮ್ಮ ಕರಾವಳಿಯಲ್ಲಿ ಒಂದು ರಾತ್ರಿಯನ್ನು ಬಿಟ್ಟರೂ ಬೆಳಗ್ಗೆ ಅರಸಿನದ ಬಣ್ಣ ಕಾಣಿಸುತ್ತದೆ.

1937ಕ್ಕಿಂತ ಹಿಂದಿನ ಶೆವರ್ಲೆಗಳಲ್ಲಿ ತಗಡಿನ ಒಳಗೆ ಮರದ ಚೌಕಟ್ಟು ಇರುತ್ತಿತ್ತು. ಅದು ಗೆದ್ದಲಿಗೆ ಆಹಾರವಾಗಿ ಬಾಗಿಲುಗಳು ಜೋಲುತ್ತವೆ. ಇದನ್ನು ಕಂಡು ಎದೆಗುಂದಬೇಕಾಗಿಲ್ಲ. ಬಾಗಿದ ಮರದ ಕೆಲಸವನ್ನು ಬಲ್ಲ ದೋಣಿಯ ಬಡಗಿಗಳೂ, ಒಳ್ಳೆಯ ಸಾಗುವಾನಿಯೂ ಈ ಜಿಲ್ಲೆಗೆ ಹೊಸವಲ್ಲ. ಹಳೆಯ ಮರವು ಎಷ್ಟೇ ಕೊಳೆತಿದ್ದರೂ ಹೊಸದು ಕೂಡುವವರೆಗೆ ಅದನ್ನು ಎಸೆಯಬಾರದು, ಅಳತೆಯೆಲ್ಲ ಅದರಲ್ಲಿಯೇ ಇದೆ.

ಬಿಡಿಭಾಗಗಳಲ್ಲಿ ಕೆಲವು ಊರಲ್ಲಿಯೇ ಸಿಕ್ಕುತ್ತವೆ. ಈ ಶೆವರ್ಲೆಗೆ ಬೇಕಾದ 6.00–16 ಅಳತೆಯ ಟೈರು ಹಳೆಯ ಜೀಪುಗಳದೂ ಆಗಿರುವುದರಿಂದ ಅದಕ್ಕಾಗಿ ವಿದೇಶಕ್ಕೆ ಬರೆಯಬೇಕಾಗಿಲ್ಲ. ತಿರುಪು-ನಟ್ಟುಗಳು ಇಂಚಿನ ಅಳತೆಯವು. ಮಿಲಿಮೀಟರಿನ ಸ್ಪ್ಯಾನರನ್ನು ಹಾಕಿದರೆ ಮೂಲೆಗಳು ಸವೆದು ಬಿಚ್ಚಲಾರದಂತಾಗುತ್ತವೆ. 6 ವೋಲ್ಟಿನ ಗಾಡಿಗೆ ಇಂದಿನ 12 ವೋಲ್ಟಿನ ಬ್ಯಾಟರಿಯನ್ನು ನೇರವಾಗಿ ಕೂಡಿಸಿದರೆ ದೀಪಗಳು ಸುಟ್ಟುಹೋಗುತ್ತವೆ.

ಕಾಯಿದೆ ಮತ್ತು ಸಂಸಾರ

ಗಾಡಿಯ ಹಳೆಯ ಕಾಗದಪತ್ರಗಳನ್ನು ಗಾಡಿಗಿಂತಲೂ ಜೋಪಾನವಾಗಿಡಬೇಕು. 2021ರಲ್ಲಿ ಕೇಂದ್ರ ಸರಕಾರವು ಪುರಾತನ ಮೋಟಾರುಗಳಿಗಾಗಿಯೇ ನಿಯಮಗಳನ್ನು ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ವ್ಯಾಪಾರಕ್ಕೆ ಬಳಸದ ಗಾಡಿಯು ‘ವಿಎ’ ಎಂಬ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆಯನ್ನು ಪಡೆಯಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಗಳ ನಂತರ ಮರುನೋಂದಣಿಗೆ 5,000 ರೂಪಾಯಿ ಎಂದು ಶುಲ್ಕವನ್ನು ಗೊತ್ತುಪಡಿಸಿದೆ. ಈ ಗಾಡಿಗಳನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಕಾರಣಗಳಿಗಲ್ಲದೆ ದಿನನಿತ್ಯದ ಸಂಚಾರಕ್ಕೆ ಬಳಸುವಂತಿಲ್ಲ. ಮುಖ್ಯವಾದುದೆಂದರೆ ಚಾಸಿಸ್, ಒಡಲು, ಇಂಜಿನು ಇವುಗಳಲ್ಲಿ ದೊಡ್ಡ ಮಾರ್ಪಾಟು ಆಗಿರಕೂಡದೆಂಬ ಕಟ್ಟಳೆ. ಹಿಂದೆ ಡೀಸೆಲ್ ಇಂಜಿನನ್ನು ಹಾಕಿಸಿದವರು ಮೂಲ ಇಂಜಿನನ್ನು ಮೂಲೆಯಲ್ಲಿಟ್ಟಿದ್ದರೆ ಈಗ ಅದೇ ನಿಧಿ. ಆದುದರಿಂದ ಕೊಟ್ಟಿಗೆಯ ಮೂಲೆಯ ಕಬ್ಬಿಣವನ್ನು ಗುಜರಿಗೆ ಹಾಕುವ ಮೊದಲು ಅದರ ಮೇಲಿನ ಸಂಖ್ಯೆಯನ್ನು ಕಾಗದದೊಡನೆ ಹೋಲಿಸಿ ನೋಡಬೇಕು.

ಇನ್ನು ಮನೆಯಾಕೆಯ ಪ್ರಶ್ನೆ: ಇದರಿಂದ ಬರುವುದೇನು? ಪ್ರಶ್ನೆಯು ನ್ಯಾಯವಾದುದು, ಉತ್ತರವೂ ಪ್ರಾಮಾಣಿಕವಾಗಿರಬೇಕು. ಹಳೆಯ ಗಾಡಿಯ ಪುನರುದ್ಧಾರಕ್ಕೆ ಹಿಡಿಯುವ ಹಣವು ಅದನ್ನು ಮಾರಿದರೆ ಬರುವ ಹಣಕ್ಕಿಂತ ಹೆಚ್ಚಾಗುವುದೇ ಸಾಮಾನ್ಯ. ಇದನ್ನು ಲಾಭದ ಮಾರ್ಗವೆಂದು ತಿಳಿದು ಸಾಲ ಮಾಡುವವನು ಸಂಸಾರಕ್ಕೆ ದ್ರೋಹ ಮಾಡಿದಂತೆ. ಹಾಸಿಗೆಯಿದ್ದಷ್ಟು ಕಾಲು ಚಾಚುತ್ತ, ಒಂದು ವರ್ಷ ಬ್ರೇಕು, ಒಂದು ವರ್ಷ ಇಂಜಿನು, ಒಂದು ವರ್ಷ ತಗಡು ಎಂದು ನಡೆಯುವವನಿಗೆ ಇದು ಭಾರವಾಗಲಾರದು. ಮಾಡಲಾಗದವನು ನಾಚಬೇಕಾಗಿಲ್ಲ, ಮಾಡಬಲ್ಲವರ ಕೈಗೆ ಇಡಿಯಾಗಿ, ಕಾಗದಗಳೊಡನೆ ಒಪ್ಪಿಸುವುದೂ ಉಳಿಸುವ ದಾರಿಯೇ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಬಹುಕಾಲದಿಂದ ಹಳೆಯ ಮೋಟಾರುಗಳನ್ನು ಕೂಡಿಸಿ ಕಾಪಾಡುತ್ತ ಬಂದುದರ ಫಲವಾಗಿ ಶ್ರೀರಂಗಪಟ್ಟಣದ ಸಮೀಪ ‘ಪಯಣ’ ಎಂಬ ಸಂಗ್ರಹಾಲಯವು 2023ರಲ್ಲಿ ತೆರೆಯಿತು. ಅಲ್ಲಿ ಸಾಲಾಗಿ ನಿಂತ ಗಾಡಿಗಳನ್ನು ನೋಡುವವರು ಹೊಳಪನ್ನು ಮೆಚ್ಚಿ ಬರುತ್ತಾರೆ. ಆದರೆ ಅಂತಹ ಗಾಡಿಗಳು ಇಂದಿಗೂ ಉಳಿದಿರುವುದು ಅವನ್ನು ಒಂದು ಕಾಲದಲ್ಲಿ ತೂಕಕ್ಕೆ ಮಾರದೆ ಇಟ್ಟುಕೊಂಡ ಜನರಿಂದಲೇ ಎಂಬುದನ್ನು ನೆನೆಯುವವರು ಕಡಿಮೆ.

ಗುಜರಿಯವನು ಕಟ್ಟುವ ಬೆಲೆಯು ಒಂದೂವರೆ ಟನ್ನು ಕಬ್ಬಿಣದ್ದು. ಒಮ್ಮೆ ಕತ್ತರಿಸಿದರೆ ಆ ಕಬ್ಬಿಣವು ಮತ್ತೆ ಮೋಟಾರಾಗುವುದಿಲ್ಲ. ಹೀಗಿರುವಾಗ, ಹಿತ್ತಿಲಲ್ಲಿ ಇಂತಹ ಗಾಡಿಯುಳ್ಳ ಕರಾವಳಿಯ ಗೃಹಸ್ಥರು ಈ ವರ್ಷ ಬೇರೇನನ್ನೂ ಮಾಡದಿದ್ದರೂ ಆಯುಧಪೂಜೆಯಂದು ಅದಕ್ಕೊಂದು ಹೂವಿಡುವ ಮೊದಲು ನಾಲ್ಕು ಕೊಡ ಸಿಹಿನೀರನ್ನು ಹೊಯ್ದು, ಬಾಗಿಲಿನ ತೂತುಗಳನ್ನು ಬಿಡಿಸಿಡಲಿ. ಉಳಿದ ಕೆಲಸವು ಕಾಯಬಲ್ಲದು, ಉಪ್ಪು ಕಾಯುವುದಿಲ್ಲ.